ಬಾಗಿಲಿನಿಂದ ಪುಟದವರೆಗೆ: ಹಿರಿಯರು, ವಿಕಲಚೇತನರು ಗ್ರಂಥಾಲಯದಲ್ಲಿ ಓದಬೇಕಾದರೆ

ಮೈಸೂರಿಗೆ ಈ ವಿಷಯದಲ್ಲಿ ಬಡತನ ಇರಬಾರದಿತ್ತು. ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಇಲ್ಲಿ ಶುರುವಾದದ್ದು 1901ರಲ್ಲಿ. ತಿಲಕ್ ನಗರದಲ್ಲಿ ಸರ್ಕಾರಿ ಬ್ರೈಲ್ ಮುದ್ರಣಾಲಯವಿದೆ. ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಿಂದ ಇದೇ ಊರಿನಲ್ಲಿದೆ. ವಿಕಲಚೇತನರಿಗೆಂದೇ ಒಂದು ಪಾಲಿಟೆಕ್ನಿಕ್ ಕೂಡ ಇದೆ. ಪಕ್ಕದ ಮಂಡ್ಯ ಒಂದು ಗಂಟೆಯ ದಾರಿ. ಇಷ್ಟೆಲ್ಲ ತಿಳಿವಳಿಕೆ ಕೈಗೆಟಕುವಷ್ಟು ಹತ್ತಿರದಲ್ಲಿದ್ದರೂ, ಬಡಾವಣೆಯ ಒಂದು ಶಾಖಾ ಗ್ರಂಥಾಲಯಕ್ಕೆ ಹೋಗಿ ‘ಕಣ್ಣು ಮಂಜಾದವರಿಗೆ, ಮೆಟ್ಟಿಲು ಹತ್ತಲಾರದವರಿಗೆ ಇಲ್ಲಿ ಏನಿದೆ?’ ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ: ರ‍್ಯಾಂಪ್ ಮಾಡಿಸಿದ್ದೇವೆ, ಬ್ರೈಲ್ ಪುಸ್ತಕ ತರಿಸಿದ್ದೇವೆ.

ಎರಡೂ ಬೇಕಾದವೇ. ಆದರೆ ಯಾರಿಗಾಗಿ ಎಂಬ ಲೆಕ್ಕವನ್ನು ಮೊದಲು ಹಾಕಿಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವೈಕಲ್ಯ ಇರುವವರು 13.24 ಲಕ್ಷ. ಅದೇ ಗಣತಿಯಲ್ಲಿ 60 ವರ್ಷ ದಾಟಿದವರು ರಾಜ್ಯದ ಜನಸಂಖ್ಯೆಯ ಶೇ 9.5ರ ಆಸುಪಾಸು, ಎಂದರೆ ಅರ್ಧ ಕೋಟಿಗೂ ಮೇಲೆ. ಅರವತ್ತರ ಮೇಲೆ ಮಂಡಿನೋವು, ಕಣ್ಣಿನ ಪೊರೆ, ಕೈನಡುಕ, ಕಿವಿಮಂದ ಶುರುವಾದವರು ತಮ್ಮನ್ನು ವಿಕಲಚೇತನರೆಂದು ಎಣಿಸಿಕೊಳ್ಳುವುದಿಲ್ಲ, ಗುರುತಿನ ಚೀಟಿಗೂ ಹೋಗುವುದಿಲ್ಲ. ಸುಮ್ಮನೆ ಗ್ರಂಥಾಲಯಕ್ಕೆ ಬರುವುದನ್ನು ಬಿಡುತ್ತಾರೆ. ಇವರಿಗೆ ಬ್ರೈಲ್ ಬಾರದು. ಎಪ್ಪತ್ತರಲ್ಲಿ ಬೆರಳ ತುದಿಯ ಸ್ಪರ್ಶವೂ ಮೊಂಡಾಗಿರುತ್ತದೆ, ಸಕ್ಕರೆ ಕಾಯಿಲೆ ಇದ್ದರಂತೂ ಹೇಳುವುದೇ ಬೇಡ. ಸರ್ಕಾರದ ಇಲಾಖೆಯ ಹೆಸರೇ ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’. ಅಲ್ಲಿ ಒಟ್ಟಿಗೆ ಕೂತ ಇಬ್ಬರನ್ನು ಗ್ರಂಥಾಲಯದ ಯೋಜನೆಗಳು ಬೇರೆ ಬೇರೆ ಮೂಲೆಗೆ ಕಳಿಸುತ್ತವೆ.

ಬಾಗಿಲು, ಕುರ್ಚಿ, ಬೀರು

ರ‍್ಯಾಂಪ್‌ನ ಲೆಕ್ಕ ಸುಲಭ, ಆದರೂ ಹೆಚ್ಚು ತಪ್ಪುವುದು ಅಲ್ಲೇ. ಒಂದಕ್ಕೆ ಹನ್ನೆರಡು ಎನ್ನುವುದು ಅತಿ ಕಡಿದಾದ ಮಿತಿ: ಒಂದು ಅಡಿ ಏರಬೇಕಾದರೆ ಹನ್ನೆರಡು ಅಡಿ ಉದ್ದ ಬೇಕು. ಮೈಸೂರಿನ ಹಳೆಯ ಕಟ್ಟಡಗಳ ಜಗಲಿ ಒಂದೂವರೆ ಅಡಿಗೆ ಕಡಿಮೆ ಇರುವುದು ಅಪರೂಪ. 450 ಮಿಲಿಮೀಟರ್ ಎತ್ತರಕ್ಕೆ 5.4 ಮೀಟರ್, 600 ಮಿಲಿಮೀಟರ್‌ಗೆ 7.2 ಮೀಟರ್ ಉದ್ದ ಬೇಕಾಗುತ್ತದೆ. ಅಂಗಳದಲ್ಲಿ ಅಷ್ಟು ಜಾಗವಿಲ್ಲವೆಂದು ಗುತ್ತಿಗೆದಾರರು ಎಂಟು ಅಡಿಗೇ ಮುಗಿಸುತ್ತಾರೆ. ಅದರ ಮೇಲೆ ನುಣುಪಾದ ಗ್ರಾನೈಟ್ ಹಾಸುತ್ತಾರೆ, ಬುಡದಲ್ಲಿ ಬೈಕು ನಿಲ್ಲುತ್ತದೆ. ಇಂಥ ರ‍್ಯಾಂಪ್‌ನಲ್ಲಿ ಗಾಲಿಕುರ್ಚಿಯನ್ನು ಹಿಂದಿನಿಂದ ಇಬ್ಬರು ತಳ್ಳಬೇಕು. ಮಳೆ ಬಂದ ದಿನ ಕೋಲು ಹಿಡಿದು ನಡೆಯುವ ಅಜ್ಜನಿಗೆ ಅದಕ್ಕಿಂತ ಮೆಟ್ಟಿಲೇ ವಾಸಿ. ಜಾಗ ಸಾಲದಿದ್ದರೆ ರ‍್ಯಾಂಪನ್ನು ನಡುವೆ ತಿರುಗಿಸಬಹುದು. ತಿರುವಿನಲ್ಲಿ 1500 ಮಿಲಿಮೀಟರ್ ಚೌಕದ ಸಮತಟ್ಟು ಬೇಕು, ಗಾಲಿಕುರ್ಚಿ ಒಂದು ಸುತ್ತು ತಿರುಗಲು ಬೇಕಾದ ಅಳತೆ ಅದೇ. ಅಗಲ 1200 ಮಿಲಿಮೀಟರ್‌ಗೆ ಕಡಿಮೆ ಇರಬಾರದು. ಎರಡೂ ಕಡೆ, ಎರಡು ಎತ್ತರದಲ್ಲಿ ಕೈಹಿಡಿ ಬೇಕು: ನಿಂತವರಿಗೆ 900, ಕೂತವರಿಗೂ ಮಕ್ಕಳಿಗೂ 700 ಮಿಲಿಮೀಟರ್‌ಗೆ.

ಪಾರಂಪರಿಕ ಕಟ್ಟಡವೆಂಬ ಕಾರಣಕ್ಕೆ ಕೈಕಟ್ಟಿ ಕೂರಬೇಕಿಲ್ಲ. ಗೋಡೆ, ಮೆಟ್ಟಿಲು ಮುಟ್ಟದೆ ಮೇಲೆ ಕೂರಿಸಿ ಬೇಕೆಂದಾಗ ತೆಗೆಯಬಹುದಾದ ಉಕ್ಕಿನ ರ‍್ಯಾಂಪ್ ಇದೆ. ಅದೂ ಆಗುವವರೆಗೆ ಗೇಟಿನ ಬಳಿ ಮೂರು ಅಡಿ ಎತ್ತರಕ್ಕೆ ಒಂದು ಕರೆಗಂಟೆ ಇಟ್ಟು, ಒತ್ತಿದರೆ ಸಿಬ್ಬಂದಿ ಪುಸ್ತಕದ ಪಟ್ಟಿಯೊಂದಿಗೆ ಹೊರಗೆ ಬರುವ ಏರ್ಪಾಡು ಮಾಡಬಹುದು. ಅದು ಪರಿಹಾರವೆಂದು ಯಾರೂ ಹೇಳಬಾರದು, ಆದರೆ ಸುಳ್ಳು ರ‍್ಯಾಂಪ್‌ಗಿಂತ ಪ್ರಾಮಾಣಿಕ.

ಒಳಗೆ ಬಂದ ಮೇಲಿನ ತೊಡಕುಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಬೀರುಗಳ ನಡುವಿನ ಓಣಿ ಕನಿಷ್ಠ 900 ಮಿಲಿಮೀಟರ್ ಬೇಕು, 1200 ಇದ್ದರೆ ಎದುರು ಬಂದವರು ದಾಟಬಹುದು. ಹೊಸ ಪುಸ್ತಕ ಬಂದಾಗಲೆಲ್ಲ ಕಟ್ಟುಗಳನ್ನು ಓಣಿಯಲ್ಲೇ ಪೇರಿಸುವುದರಿಂದ ಕಾಗದದ ಮೇಲಿನ 1200 ನೆಲದ ಮೇಲೆ 600 ಆಗಿರುತ್ತದೆ. ಕೂತಲ್ಲಿಂದ ಕೈಗೆಟಕುವುದು ನೆಲದಿಂದ ಸುಮಾರು 400ರಿಂದ 1200 ಮಿಲಿಮೀಟರ್‌ವರೆಗೆ. ದಪ್ಪಕ್ಷರದ ಪುಸ್ತಕಗಳನ್ನು ಕೆಳಗಿನ ಅಟ್ಟಣಿಗೆಯಲ್ಲಿ ಇಡುವವರು ಬಗ್ಗಲಾರದವರಿಗೆ ಬೇಕಾದ್ದನ್ನೇ ಬಗ್ಗಿ ತೆಗೆಯುವ ಜಾಗದಲ್ಲಿ ಇಟ್ಟಂತಾಗುತ್ತದೆ. ಮೇಜಿನ ಕೆಳಗೆ 700 ಮಿಲಿಮೀಟರ್ ಖಾಲಿ ಇರದಿದ್ದರೆ ಗಾಲಿಕುರ್ಚಿಯ ಮಂಡಿ ಒಳಗೆ ಹೋಗದು.

ಕುರ್ಚಿಯ ವಿಷಯ ಇನ್ನೂ ಸಣ್ಣದು, ಅದಕ್ಕೇ ಯಾವ ಟೆಂಡರಿನಲ್ಲೂ ಬರುವುದಿಲ್ಲ. ಹಿರಿಯರು ಎದ್ದೇಳುವುದು ಕಾಲಿನ ಬಲದಿಂದ ಅಷ್ಟೇ ಅಲ್ಲ, ಕೈಯೂರಿ. ತೋಳಿಲ್ಲದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು ಏಳಲು ಮೇಜನ್ನು ಹಿಡಿಯುತ್ತಾರೆ, ಮೇಜು ಜರುಗುತ್ತದೆ, ಬೀಳುತ್ತಾರೆ. 450 ಮಿಲಿಮೀಟರ್ ಎತ್ತರದ, ಜರುಗದ, ತೋಳಿರುವ ನಾಲ್ಕು ಕುರ್ಚಿಗಳು ಪತ್ರಿಕೆ ಮೇಜಿನ ಬಳಿ ಇದ್ದರೆ ಬೆಳಗ್ಗೆ ಬರುವ ನಿವೃತ್ತರ ಸಂಖ್ಯೆ ತಾನಾಗಿ ಹೆಚ್ಚುತ್ತದೆ. ನಿಂತೇ ಓದಬೇಕಾದ ಓರೆ ಹಲಗೆಯ ಪತ್ರಿಕೆ ಸ್ಟ್ಯಾಂಡ್ ಯುವಕರಿಗೆ ಸರಿ. ಅರ್ಧ ಗಂಟೆ ನಿಂತರೆ ಕಾಲು ಊದುವವರಿಗೆ ಅದು ‘ಬರಬೇಡಿ’ ಎಂದ ಹಾಗೆ.

ಬೆಳಕು, ಭೂತಗನ್ನಡಿ, ಅಕ್ಷರ

ಅರವತ್ತರ ಕಣ್ಣಿನ ಪರದೆಗೆ ಇಪ್ಪತ್ತರ ಕಣ್ಣಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ತಲುಪುತ್ತದೆ. ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ. ಹತ್ತು ಹನ್ನೆರಡು ಅಡಿ ಎತ್ತರದ ಚಾವಣಿಯಿಂದ ಬೀಳುವ ಒಂದು ಟ್ಯೂಬ್‌ಲೈಟ್ ಹುಡುಗರಿಗೆ ಸಾಕಾಗುತ್ತದೆ, ಹಿರಿಯರಿಗೆ ಸಾಲದು. ಇದಕ್ಕೆ ಚಾವಣಿಯ ದೀಪ ಹೆಚ್ಚಿಸುವುದಕ್ಕಿಂತ ಮೇಜಿನ ದೀಪ ಒಳ್ಳೆಯದು: ದೀಪವನ್ನು ಪುಟದಿಂದ ಎರಡು ಅಡಿ ದೂರದಿಂದ ಒಂದು ಅಡಿಗೆ ತಂದರೆ ಪುಟದ ಮೇಲಿನ ಬೆಳಕು ಸುಮಾರು ನಾಲ್ಕು ಪಟ್ಟಾಗುತ್ತದೆ. ದೀಪ ಭುಜದ ಪಕ್ಕದಿಂದ ಬೀಳಬೇಕು, ಬಲ್ಬು ಕಣ್ಣಿಗೆ ಕಾಣಬಾರದು. ಕಿಟಕಿಗೆ ಮುಖ ಮಾಡಿದ ಮೇಜು ಪೊರೆ ಇರುವವರಿಗೆ ಹಿಂಸೆ, ಬೆಳಕು ಒಳಗೇ ಚದುರಿ ಪುಟವೆಲ್ಲ ಹಾಲಿನಂತಾಗುತ್ತದೆ. ಹೊಳಪು ಕಾಗದದ ಮಾಸಪತ್ರಿಕೆಗಳನ್ನು ಅವರು ಮುಟ್ಟದಿರುವುದಕ್ಕೂ ಇದೇ ಕಾರಣ.

ಭೂತಗನ್ನಡಿ ಕೊಳ್ಳುವಾಗ ‘ದೊಡ್ಡದು ಕೊಡಿ’ ಎಂದು ಕೇಳುವುದು ವಾಡಿಕೆ. ಮಸೂರದ ಶಕ್ತಿಯನ್ನು ಡಯಾಪ್ಟರ್‌ನಲ್ಲಿ ಹೇಳುತ್ತಾರೆ. ನಾಲ್ಕರಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಅಂದಾಜು ಸಿಗುತ್ತದೆ. 8 ಡಯಾಪ್ಟರ್ ಎಂದರೆ ಎರಡು ಪಟ್ಟು, 12 ಎಂದರೆ ಮೂರು. ನೂರನ್ನು ಡಯಾಪ್ಟರ್‌ನಿಂದ ಭಾಗಿಸಿದರೆ ಪುಟದಿಂದ ಎಷ್ಟು ಸೆಂಟಿಮೀಟರ್ ದೂರದಲ್ಲಿ ಹಿಡಿಯಬೇಕೆಂಬುದು ತಿಳಿಯುತ್ತದೆ: 8ಕ್ಕೆ 12.5, 12ಕ್ಕೆ ಎಂಟಕ್ಕಿಂತ ಚೂರು ಹೆಚ್ಚು. ಕೈ ನಡುಗುವವರು ಈ ದೂರವನ್ನು ಕಾಯ್ದುಕೊಳ್ಳಲಾರರು, ಅಕ್ಷರ ಅಲೆಯಂತೆ ಕುಣಿಯುತ್ತದೆ. ಅವರಿಗೆ ಪುಟದ ಮೇಲೇ ಕೂರುವ, ದೀಪವಿರುವ ಸ್ಟ್ಯಾಂಡ್ ಮಸೂರ ಬೇಕು. ಇನ್ನೊಂದು ವಿಷಯ: ಶಕ್ತಿ ಹೆಚ್ಚಿದಷ್ಟೂ ಒಮ್ಮೆಗೆ ಕಾಣುವ ಜಾಗ ಕಿರಿದಾಗುತ್ತದೆ. ನೋಟದ ನಡುಭಾಗ ಹಾಳಾದವರಿಗೆ ಹೆಚ್ಚು ಶಕ್ತಿ ನೆರವಾಗುತ್ತದೆ. ಗ್ಲಾಕೋಮಾದಿಂದ ಸುತ್ತಲ ನೋಟ ಕಳೆದುಕೊಂಡವರಿಗೆ ಅದೇ ಮಸೂರ ತೊಂದರೆ ಕೊಡುತ್ತದೆ. ಎರಡು ಅಕ್ಷರ ಕಂಡರೆ ಮೂರನೆಯದು ಅಂಚಿನಾಚೆ ಹೋಗಿರುತ್ತದೆ. ಹಾಗಾಗಿ ಒಂದೇ ಬಗೆಯ ಹತ್ತು ಕೊಳ್ಳುವುದಕ್ಕಿಂತ ಮೂರು ಬಗೆಯ ಒಂದೊಂದು ಕೊಂಡು ಕೌಂಟರಿನಲ್ಲಿ ದಾರ ಕಟ್ಟಿ ಇಡುವುದು ಜಾಣತನ.

ಕನ್ನಡದ ದಪ್ಪಕ್ಷರಕ್ಕೆ ಅದರದೇ ತಾಪತ್ರಯವಿದೆ. ಸಾಮಾನ್ಯ ಪುಸ್ತಕದ ಅಕ್ಷರ 11 ಅಥವಾ 12 ಪಾಯಿಂಟ್ ಗಾತ್ರದಲ್ಲಿ ಇರುತ್ತದೆ. ರೋಮನ್ ಲಿಪಿಗೆ 16ರಿಂದ 18 ಪಾಯಿಂಟ್ ಎಂದರೆ ದಪ್ಪಕ್ಷರ ಎನ್ನುವ ಲೆಕ್ಕವನ್ನು ಹಾಗೇ ತಂದರೆ ನಮ್ಮ ಒತ್ತಕ್ಷರ ಕೈಕೊಡುತ್ತದೆ. ಮೂಲ ಅಕ್ಷರ ಹದಿನೆಂಟರಲ್ಲಿದ್ದರೂ ಅದರ ಅಡಿಯ ಒತ್ತು ಅರ್ಧದಷ್ಟೇ ಇರುತ್ತದೆ. ಓದುಗರು ಎಡವುವುದು ಅಲ್ಲೇ, ಜೊತೆಗೆ ದ–ಧ, ಬ–ಭ, ಪ–ಷ, ಮ–ವ ಜೋಡಿಗಳಲ್ಲಿ. 20 ಪಾಯಿಂಟ್, ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ, ಗೀರು ಒಂದೇ ದಪ್ಪವಿರುವ ಅಕ್ಷರರೂಪ, ಬಲ ಅಂಚನ್ನು ಎಳೆದು ಸಮ ಮಾಡದ ಸಾಲು: ಇಷ್ಟು ಇದ್ದರೆ ಕನ್ನಡ ದಪ್ಪಕ್ಷರ ಎನ್ನಬಹುದು. ಸಾಲಿನ ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪುಸ್ತಕವನ್ನು ಜೆರಾಕ್ಸಿನಲ್ಲಿ ದೊಡ್ಡದು ಮಾಡಿ ಹೊಲಿಸುವವರು ಇದನ್ನು ಗಮನಿಸುವುದಿಲ್ಲ. ಅಕ್ಷರ ಬೆಳೆದಂತೆ ಮಸಿಯ ಕಲೆಯೂ ಬೆಳೆಯುತ್ತದೆ.

ಕನ್ನಡ ಪಠ್ಯವೇ ಅಡ್ಡಗೋಡೆ

ಕಣ್ಣು ಪೂರಾ ಕಾಣದವರಿಗೂ, ದಪ್ಪಕ್ಷರವೂ ಸಾಲದವರಿಗೂ ಈಗಿನ ದಾರಿ ಕಿವಿ. ಯಂತ್ರದ ಕೊರತೆ ಇಲ್ಲ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ತೆರೆಯೋದುಗ (ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ) ಉಚಿತವಾಗಿ ಸಿಗುತ್ತದೆ, ಅದರೊಳಗಿನ ಇ-ಸ್ಪೀಕ್ ಎಂಬ ದನಿ ಕನ್ನಡವನ್ನೂ ಓದುತ್ತದೆ, ದನಿ ತುಸು ಗಡಸು ಅಷ್ಟೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಎಂಬ ಇಂಥದೇ ತೆರೆಯೋದುಗ ಮೊದಲೇ ಇರುತ್ತದೆ, ಗೂಗಲ್‌ನ ಕನ್ನಡ ದನಿ ಕೇಳಲು ಹಿತವಾಗಿದೆ. ಹಳೆಯ ಕಂಪ್ಯೂಟರ್, ಒಂದು ಹೆಡ್‌ಫೋನ್ ಇದ್ದರೆ ಕೆಲಸ ಶುರುವಾಗಬೇಕು. ಆಗುವುದಿಲ್ಲ, ಏಕೆಂದರೆ ಓದಿಸಲು ಕೊಟ್ಟ ಕಡತದಲ್ಲಿ ಕನ್ನಡವೇ ಇರುವುದಿಲ್ಲ.

ಮೂರು ಬಗೆಯ ಕಡತಗಳು ಸಿಗುತ್ತವೆ. ಮೊದಲನೆಯದು ಹಳೆಯ ನುಡಿ ಅಥವಾ ಬರಹ ಫಾಂಟಿನದ್ದು. ಅದರಲ್ಲಿ ಕಂಪ್ಯೂಟರಿಗೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಕನ್ನಡದ ಆಕಾರ ಬರಿಯ ಮೇಲುಹೊದಿಕೆ. ತೆರೆಯೋದುಗ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಎಂದು ಓದುತ್ತದೆ. ಪರಿವರ್ತಕ ತಂತ್ರಾಂಶ ಬಳಸಿ ಯೂನಿಕೋಡಿಗೆ, ಎಂದರೆ ಕನ್ನಡ ಅಕ್ಷರವನ್ನು ಕನ್ನಡವೆಂದೇ ಗುರುತಿಸುವ ಸಂಕೇತಕ್ಕೆ ತರಬಹುದು. ಆದರೆ ಮೂಲದಲ್ಲಿ ನಡುನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದು ತಿಳಿದು ಕಲಸುಮೇಲೋಗರ ಮಾಡುತ್ತದೆ. ಅವನ್ನು ಮೊದಲೇ ಗುರುತು ಹಾಕಿಕೊಂಡು ಕೊನೆಗೆ ತಿದ್ದಬೇಕು.

ಎರಡನೆಯದು ಪುಟಗಳ ಫೋಟೊ ಮಾತ್ರವಿರುವ ಪಿಡಿಎಫ್. ‘ಡಿಜಿಟಲೀಕರಣ ಮುಗಿದಿದೆ’ ಎಂದು ವರದಿಯಾಗುವ ಬಹಳಷ್ಟು ಕನ್ನಡ ಪುಸ್ತಕಗಳು ಇಂಥವು. ನೋಡುವವರಿಗೆ ಪುಸ್ತಕ, ಕೇಳುವವರಿಗೆ ಮೌನ. ಮೂರನೆಯದು ಯೂನಿಕೋಡಿನಲ್ಲೇ ತಯಾರಾದ ಪಿಡಿಎಫ್; ಇದು ಸರಿ ಇದ್ದಂತೆ ಕಾಣುತ್ತದೆ, ಆದರೆ ಪಿಡಿಎಫ್ ಅಕ್ಷರಗಳನ್ನು ಕಾಣುವ ಕ್ರಮದಲ್ಲಿ ಇಟ್ಟಿರುವುದರಿಂದ ನಕಲಿಸಿದಾಗ ಒತ್ತು, ಗುಣಿತ ಹಿಂದುಮುಂದಾಗುತ್ತವೆ. ಆದ್ದರಿಂದ ಪ್ರಕಾಶಕರನ್ನು ಕೇಳುವಾಗ ಪಿಡಿಎಫ್ ಕೇಳಬಾರದು. ಪುಟ ವಿನ್ಯಾಸಕ್ಕೆ ಹೋಗುವ ಮುಂಚಿನ ವರ್ಡ್ ಕಡತ ಅಥವಾ ಇ-ಪಬ್ (ಇ-ಪುಸ್ತಕದ ಕಡತ) ಕೇಳಬೇಕು.

ಅಕ್ಷರ ಗುರುತಿಸುವ ತಂತ್ರಾಂಶ ಬಳಸಿ ಫೋಟೊವನ್ನು ಪಠ್ಯ ಮಾಡುವಾಗ ಏನು ಕೆಡುತ್ತದೆ ಎಂಬುದನ್ನು ಒಂದು ಪದದಲ್ಲಿ ನೋಡಬಹುದು. ‘ಕರ್ನಾಟಕ’ದ ಅರ್ಕಾವತ್ತು ಕಾಗದದ ಮೇಲೆ ‘ನಾ’ ಆದ ಮೇಲೆ ಕೂತಿರುತ್ತದೆ, ಆಕಾರ ಕನ್ನಡದ ಅಂಕಿ ಒಂಬತ್ತರದೇ. ತಂತ್ರಾಂಶ ಅದನ್ನು ‘ಕನಾ೯ಟಕ’ ಎಂದು ಬರೆದಿಡುತ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತೆರೆಯೋದುಗ ಮಾತ್ರ ‘ಕನಾ ಒಂಬತ್ತು ಟಕ’ ಎನ್ನುತ್ತದೆ. ಅನುಸ್ವಾರದ ಜಾಗದಲ್ಲಿ ಸೊನ್ನೆ ಕೂರುವುದು ಇದರ ಅಣ್ಣ: ‘ಅ೦ಗಡಿ’ ಎಂದಿದ್ದರೆ ‘ಅ ಸೊನ್ನೆ ಗಡಿ’. ತಂತ್ರಾಂಶದ ತಪ್ಪು ಮಾತ್ರವಲ್ಲ, ಬೆರಳಚ್ಚು ಮಾಡುವವರೂ ಹೀಗೇ ಒತ್ತುವ ಅಭ್ಯಾಸ ಇಟ್ಟುಕೊಂಡಿರುತ್ತಾರೆ. ಗ್ರಂಥಾಲಯದ ಪುಸ್ತಕ ಪಟ್ಟಿಯಲ್ಲಿ ಹುಡುಕಿದರೆ ಇರುವ ಪುಸ್ತಕ ಇಲ್ಲವೆಂದು ಬರುವುದಕ್ಕೂ ಇದು ಕಾರಣ.

ಸರಿಪಡಿಸುವ ಕ್ರಮ ಹೀಗೆ. ಪುಟವನ್ನು 300 ಡಿಪಿಐ ಸ್ಪಷ್ಟತೆಯಲ್ಲಿ, ಸಣ್ಣ ಅಕ್ಷರವಿದ್ದರೆ 400ರಲ್ಲಿ, ಬೂದುಬಣ್ಣದ ಆಯ್ಕೆಯಲ್ಲಿ ಸ್ಕ್ಯಾನ್ ಮಾಡಬೇಕು. ಬರೀ ಕಪ್ಪು–ಬಿಳುಪು ಮಾಡಿದರೆ ಒತ್ತಿನ ಸಣ್ಣ ಗೀರುಗಳು ಅಳಿಸಿಹೋಗುತ್ತವೆ. ಬೆನ್ನಿನ ಬಳಿ ಪುಟ ಬಾಗದಂತೆ ಗಾಜು ಒತ್ತಬೇಕು, ಇಲ್ಲದಿದ್ದರೆ ಪ್ರತಿ ಸಾಲಿನ ಒಂದು ತುದಿಯ ಪದ ಹಾಳು. ಪಠ್ಯ ಬಂದ ಮೇಲೆ ಮೊದಲು ಸೊನ್ನೆ, ಒಂಬತ್ತುಗಳನ್ನು ಹುಡುಕಿ ಬದಲಿಸಬೇಕು. ಸೊನ್ನೆಯ ಎಡಕ್ಕೆ ಅಕ್ಷರವಿದ್ದರೆ ಅದು ಅನುಸ್ವಾರ, ಅಂಕಿ ಇದ್ದರೆ ನಿಜವಾದ ಸೊನ್ನೆ. ಒಂಬತ್ತಿನ ವಿಷಯದಲ್ಲಿ ಬರೀ ಬದಲಿಸಿದರೆ ಸಾಲದು, ‘ರ್’ ಅನ್ನು ಅದರ ಹಿಂದಿನ ಅಕ್ಷರಕ್ಕಿಂತ ಮೊದಲು ಬರುವಂತೆ ತರಬೇಕು. ‘೧೯೦೧’ರಂಥ ಇಸವಿಗಳನ್ನು ಮುಟ್ಟಬಾರದು. ಆಮೇಲೆ ಒಬ್ಬರು ಮೂಲ ಪುಟ ಎದುರಿಗಿಟ್ಟು ತಿದ್ದಬೇಕು. ಕೆಲಸದ ಹೆಚ್ಚಿನ ಹೊತ್ತು ಹೋಗುವುದು ಇಲ್ಲಿ. ಸ್ಕ್ಯಾನರ್‌ಗೆ ಹಣ ಕೊಟ್ಟು ತಿದ್ದುವವರಿಗೆ ಕೊಡದ ಯೋಜನೆಗಳು ನಿಲ್ಲುವುದೂ ಇಲ್ಲೇ. ಅಧ್ಯಾಯದ ತಲೆಬರಹಗಳನ್ನು ದಪ್ಪ ಮಾಡಿ ಬಿಡದೆ ‘ಹೆಡಿಂಗ್’ ಎಂದೇ ಗುರುತಿಸಿದರೆ ಕೇಳುವವರು ಒಂದು ಕೀಲಿ ಒತ್ತಿ ಮುಂದಿನ ಅಧ್ಯಾಯಕ್ಕೆ ಹೋಗಬಹುದು.

ಕಂಪ್ಯೂಟರ್ ಮುಟ್ಟದ ಹಿರಿಯರಿಗೆ ಇದನ್ನೇ ಧ್ವನಿ ಕಡತ ಮಾಡಿ ಕೊಡಬಹುದು. ಮಾತಿಗೆ 64 ಕೆಬಿಪಿಎಸ್ ಗುಣಮಟ್ಟ ಸಾಕು. ಒಂದು ಗಂಟೆಗೆ ಸುಮಾರು 29 ಎಂಬಿ. ಹತ್ತು ಗಂಟೆಯ ಕಾದಂಬರಿ 290 ಎಂಬಿ ಆಗುತ್ತದೆ, 8 ಜಿಬಿ ಪೆನ್‌ಡ್ರೈವ್‌ನಲ್ಲಿ ಅಂಥ ಇಪ್ಪತ್ತೈದು ಹಿಡಿಯುತ್ತವೆ. ಮನೆಯಲ್ಲಿ ಭಜನೆ ಕೇಳುವ ಯುಎಸ್‌ಬಿ ಸ್ಪೀಕರಿನಲ್ಲೇ ಇದು ಓಡುತ್ತದೆ. ಎಡವಟ್ಟು ಆಗುವುದು ಮೂರು ಕಡೆ. ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಹಲವು ಸ್ಪೀಕರುಗಳು ಕ್ರಮ ತಪ್ಪಿಸುತ್ತವೆ, ಹಾಗಾಗಿ 01, 02 ಎಂದು ಅಂಕಿಯ ಹೆಸರಿಡಬೇಕು, ಅದೇ ಕ್ರಮದಲ್ಲಿ ನಕಲಿಸಬೇಕು. ಕರೆಂಟು ಹೋದರೆ ಎಲ್ಲಿ ನಿಂತಿತ್ತೆಂಬುದನ್ನು ಸ್ಪೀಕರ್ ಮರೆಯುತ್ತದೆ. ಒಂದೊಂದು ಕಡತ ಹದಿನೈದು ನಿಮಿಷ ಮೀರದಿದ್ದರೆ ಮತ್ತೆ ಹುಡುಕುವುದು ಸುಲಭ. ಪ್ರತಿ ಕಡತದ ಮೊದಲಲ್ಲಿ ಪುಸ್ತಕದ ಹೆಸರು, ಅಧ್ಯಾಯ ಹೇಳದಿದ್ದರೆ ಕೇಳುವವರಿಗೆ ತಾವು ಎಲ್ಲಿದ್ದೇವೆಂಬುದೇ ತಿಳಿಯದು.

ಗ್ರಂಥಾಲಯ ಯಾವುದೇ ಆ್ಯಪ್ ಅನ್ನು ಓದುಗರಿಗೆ ಹೇಳುವ ಮುನ್ನ ಐದು ನಿಮಿಷದ ಪರೀಕ್ಷೆ ಮಾಡಬಹುದು. ಫೋನಿನ ಎರಡೂ ವಾಲ್ಯೂಮ್ ಗುಂಡಿಗಳನ್ನು ಮೂರು ಸೆಕೆಂಡ್ ಒತ್ತಿ ಹಿಡಿದರೆ ಬಹುತೇಕ ಫೋನುಗಳಲ್ಲಿ ಟಾಕ್‌ಬ್ಯಾಕ್ ಶುರುವಾಗುತ್ತದೆ. ತೆರೆಗೆ ಬಟ್ಟೆ ಮುಚ್ಚಿ, ಬಲಕ್ಕೆ ಸವರುತ್ತ, ಎರಡು ಸಲ ತಟ್ಟಿ ಒಂದು ಪುಸ್ತಕ ತೆರೆಯಲು ನೋಡಿ. ‘ಬಟನ್, ಬಟನ್, ಹೆಸರಿಲ್ಲದ ಬಟನ್’ ಎಂದೇ ಕೇಳಿಸಿದರೆ, ಚಿತ್ರದಲ್ಲಿರುವ ಅಕ್ಷರ ಬರೆಯಿರಿ ಎಂದು ನೋಂದಣಿಯಲ್ಲೇ ನಿಲ್ಲಿಸಿದರೆ, ಆ ಆ್ಯಪ್ ಅಂಧ ಓದುಗರಿಗೆ ಇಲ್ಲ ಎಂದೇ ಲೆಕ್ಕ.

ಕಾನೂನು ಅಡ್ಡ ಬರುವುದಿಲ್ಲ

ಕೃತಿಸ್ವಾಮ್ಯದ ಭಯ ಗ್ರಂಥಪಾಲಕರಲ್ಲಿ ಬಲವಾಗಿದೆ, ಆದರೆ ಈ ವಿಷಯದಲ್ಲಿ ಅದಕ್ಕೆ ಆಧಾರವಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿ 52(1)(ಝಡ್‌ಬಿ) ಕಲಮು ಸೇರಿತು. ಸಾಮಾನ್ಯ ರೂಪದಲ್ಲಿ ಓದಲಾಗದ ಅಂಗವೈಕಲ್ಯ ಇರುವವರಿಗಾಗಿ, ಲಾಭದ ಉದ್ದೇಶವಿಲ್ಲದೆ, ಯಾವ ಕೃತಿಯನ್ನಾದರೂ ಬ್ರೈಲ್, ಧ್ವನಿ, ದಪ್ಪಕ್ಷರ, ಡಿಜಿಟಲ್ ಪಠ್ಯವಾಗಿ ಮಾಡಿಕೊಡಲು ಅನುಮತಿ ಬೇಡ. ತಯಾರಿಕೆಯ ಖರ್ಚನ್ನು ಮಾತ್ರ ಪಡೆಯಬಹುದು, ಮಾಡಿದ ಪ್ರತಿಗಳು ಮಾರುಕಟ್ಟೆಗೆ ಸೋರದಂತೆ ನೋಡಿಕೊಳ್ಳಬೇಕು. ಕಲಮು ಅಂಧರಿಗಷ್ಟೇ ಸೀಮಿತವಲ್ಲ. ಪುಸ್ತಕ ಹಿಡಿಯಲಾಗದವರು, ಅಕ್ಷರ ಕೂಡಿಸಲು ಕಷ್ಟಪಡುವ ಕಲಿಕಾ ನ್ಯೂನತೆಯವರೂ ಬರುತ್ತಾರೆ. ಶೇ 40ರ ಅಂಗವೈಕಲ್ಯ ಪ್ರಮಾಣಪತ್ರವನ್ನು ಆ ಕಲಮು ಕೇಳಿಲ್ಲ. ಸದಸ್ಯರ ಅರ್ಜಿಯಲ್ಲಿ ‘ಮುದ್ರಿತ ಪುಸ್ತಕ ಓದಲು ತೊಂದರೆ ಇದೆ’ ಎಂಬ ಒಂದು ಘೋಷಣೆ, ಕೊಟ್ಟ ಕಡತದ ದಾಖಲೆ ಇಟ್ಟುಕೊಂಡರೆ ಗ್ರಂಥಪಾಲಕರು ನಿಶ್ಚಿಂತೆಯಿಂದಿರಬಹುದು. ಇಂಥ ಪುಸ್ತಕಗಳ ವಿನಿಮಯಕ್ಕಾಗಿ ರೂಪುಗೊಂಡ ಮರಾಕೇಶ್ ಒಪ್ಪಂದವನ್ನು ಎಲ್ಲ ದೇಶಗಳಿಗೂ ಮೊದಲು, 2014ರ ಜೂನ್‌ನಲ್ಲಿ ಅನುಮೋದಿಸಿದ್ದು ಭಾರತ. 2016ರ ಆಗಸ್ಟ್‌ನಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಕನ್ನಡವೂ ಇದೆ, ಒಂದು ಪುಸ್ತಕವನ್ನು ತಿದ್ದಲು ಕೂರುವ ಮುನ್ನ ಅಲ್ಲಿ ಆಗಲೇ ಇದೆಯೇ ನೋಡುವುದು ಒಳ್ಳೆಯದು.

ಕಟ್ಟಡದ ವಿಷಯದಲ್ಲಿ ಕಾನೂನು ಇನ್ನೂ ಖಡಕ್ಕಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 45ನೇ ಕಲಮಿನಂತೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಹೊರಟ ಐದು ವರ್ಷದೊಳಗೆ ಎಲ್ಲರೂ ಬಳಸುವಂತೆ ಮಾಡಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾನದಂಡಗಳನ್ನು ಬರೀ ಸಲಹೆಯಂತೆ ಬಿಟ್ಟಿದ್ದ 15ನೇ ನಿಯಮ ಮೂಲ ಕಾಯ್ದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ಮಾನದಂಡ ರೂಪಿಸಲು ಕೇಂದ್ರಕ್ಕೆ ಸೂಚಿಸಿತು.

ಬ್ರೈಲ್ ಬಗ್ಗೆ ಇಲ್ಲಿ ಹೇಳಿದ್ದನ್ನು ಬ್ರೈಲ್ ಬೇಡ ಎಂದು ಓದಬಾರದು. ಹುಟ್ಟಿನಿಂದ ಕಾಣದ ಮಗುವಿಗೆ ಕಾಗುಣಿತ ಕಲಿಸುವುದು ಬ್ರೈಲ್ ಮಾತ್ರ. ಕಿವಿಯಿಂದ ಕೇಳಿದವರಿಗೆ ‘ಷ’ ಎಲ್ಲಿ ‘ಶ’ ಎಲ್ಲಿ ಎಂದು ತಿಳಿಯದು. ಆದರೆ ಒಂದು ಮುದ್ರಿತ ಪುಟ ಬ್ರೈಲಿನಲ್ಲಿ ಎರಡು ಮೂರು ಪುಟವಾಗುತ್ತದೆ, ಒಂದು ಕಾದಂಬರಿ ಹಲವು ಸಂಪುಟವಾಗುತ್ತದೆ. ಒಂದರ ಮೇಲೊಂದು ಮಲಗಿಸಿಟ್ಟರೆ ಚುಕ್ಕೆ ಅಪ್ಪಚ್ಚಿಯಾಗುತ್ತವೆ. ನಿಲ್ಲಿಸಿಯೇ ಇಡಬೇಕು, ಒತ್ತೊತ್ತಾಗಿಯೂ ಅಲ್ಲ. ಬೆನ್ನಿನ ಮೇಲಿನ ಶೀರ್ಷಿಕೆ ಬ್ರೈಲಿನಲ್ಲೂ ಸಾಮಾನ್ಯ ಅಕ್ಷರದಲ್ಲೂ ಇರದಿದ್ದರೆ ಸಿಬ್ಬಂದಿಗೆ ಯಾವುದು ಯಾವುದೆಂದು ತಿಳಿಯದೆ ಸಂಪುಟಗಳು ಅದಲುಬದಲಾಗುತ್ತವೆ. ಐದು ಶಾಖೆಗೆ ಹತ್ತು ಹತ್ತು ಪುಸ್ತಕ ಹಂಚುವುದಕ್ಕಿಂತ ಒಂದೇ ಕಡೆ ಒಳ್ಳೆಯ ಸಂಗ್ರಹವಿಟ್ಟು ಕೇಳಿದವರಿಗೆ ಕಳಿಸುವುದು ಲೇಸು.

ಕಿವುಡ ಓದುಗರ ಬಗ್ಗೆ ಸಾಮಾನ್ಯ ನಂಬಿಕೆ: ಅವರಿಗೆ ಕಣ್ಣಿದೆಯಲ್ಲ, ಓದಿಕೊಳ್ಳುತ್ತಾರೆ. ಆದರೆ ಸನ್ನೆ ಭಾಷೆಯಲ್ಲಿ ಬೆಳೆದವರಿಗೆ ಕನ್ನಡ ಎರಡನೇ ಭಾಷೆ, ಓದು ಅಷ್ಟು ಸಲೀಸಲ್ಲ. ಕೌಂಟರಿನಲ್ಲಿ ಸಿಬ್ಬಂದಿಯ ಬೆನ್ನಿಗೆ ಕಿಟಕಿ ಇದ್ದರೆ ಮುಖ ನೆರಳಾಗಿ ತುಟಿಚಲನೆ ಕಾಣದು. ಮೇಜನ್ನು ಅರ್ಧ ಸುತ್ತು ತಿರುಗಿಸಿದರೆ ಖರ್ಚಿಲ್ಲದೆ ಸರಿಹೋಗುತ್ತದೆ. ಕಿವಿಮಂದದ ಅಜ್ಜಿಗೂ ಅದೇ ಉಪಾಯ.

ಬರಲಾರದವರ ಮನೆಗೆ

ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ದೊಡ್ಡ ಸಮಸ್ಯೆ ರ‍್ಯಾಂಪ್ ಅಲ್ಲ, ದೂರ. ಪಂಚಾಯಿತಿ ಕೇಂದ್ರದಲ್ಲಿ ಗ್ರಂಥಾಲಯ, ಓದುಗರು ಮೂರು ಕಿಲೋಮೀಟರ್ ಆಚೆಯ ಊರಲ್ಲಿ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರಗಳಾಗಿವೆ. ಇದರಿಂದ ಒಂದು ಅನುಕೂಲವಾಗಿದೆ, ಬಳಸಿಕೊಂಡವರು ಕಡಿಮೆ: ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಜನ ‘ವಿಆರ್‌ಡಬ್ಲ್ಯು’ ಎನ್ನುತ್ತಾರೆ. ಪಿಂಚಣಿ, ಗುರುತಿನ ಚೀಟಿಯ ಕೆಲಸಕ್ಕೆ ಅವರು ಹೇಗೂ ವಿಕಲಚೇತನರ ಮನೆಗೆ ಹೋಗುತ್ತಾರೆ. ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಗ್ರಂಥಾಲಯ ಮೇಲ್ವಿಚಾರಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಇಬ್ಬರೂ ಕೂತು ಮೊದಲು ಹದಿನೈದು ಇಪ್ಪತ್ತು ಮನೆಗಳ ಪಟ್ಟಿ ಮಾಡಲಿ. ಪ್ರತಿ ಮನೆಗೆ ತಿಂಗಳಿಗೊಮ್ಮೆ ಒಂದು ಬಟ್ಟೆ ಚೀಲ: ಮೂರು ಪುಸ್ತಕ, ಹಳೆಯದಾದರೂ ಒಂದು ಮಾಸಪತ್ರಿಕೆ, ಬೇಕೆಂದವರಿಗೆ ಪೆನ್‌ಡ್ರೈವ್. ಏನು ಇಷ್ಟ ಎಂದು ಕೇಳದೆ ಭಕ್ತಿ ಪುಸ್ತಕವನ್ನೇ ತುಂಬುವ ಚಾಳಿ ಬಿಡಬೇಕು. ಕಬ್ಬಿನ ದರ, ಚುನಾವಣೆ, ಪತ್ತೇದಾರಿ ಕತೆ ಕೇಳುವ ಅಜ್ಜಂದಿರೇ ಹೆಚ್ಚು. ಹೊಸದು ಕೊಟ್ಟಾಗ ಹಳೆಯದು ವಾಪಸು, ದಂಡವಿಲ್ಲ. ಚೀಲದೊಳಗೆ ದಪ್ಪಕ್ಷರದ ಚೀಟಿಯಲ್ಲಿ ಪುಸ್ತಕದ ಹೆಸರು, ತಂದ ದಿನ ಬರೆದಿರಲಿ. ಮೊಮ್ಮಕ್ಕಳು ಶಾಲೆಗೆ ಒಯ್ದು ಮರೆತರೆ ಮನೆಯವರಿಗೆ ಯಾವುದು ಇಲ್ಲವೆಂದು ತಿಳಿಯುತ್ತದೆ.

ಇಂಥದ್ದು ಶುರುವಾಗದಿರಲು ಅಸಲಿ ಕಾರಣ ಆಡಿಟ್. ಪುಸ್ತಕ ಕಳೆದರೆ ಕೈಯಿಂದ ಕಟ್ಟಬೇಕಾದೀತೆಂಬ ಅಂಜಿಕೆಯಲ್ಲಿ ಮೇಲ್ವಿಚಾರಕರು ಬೀರಿಗೆ ಬೀಗ ಹಾಕುತ್ತಾರೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮ, ವರ್ಷದಲ್ಲಿ ಬಳಕೆಯಾದ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಸಹಜವೆಂದು ಒಪ್ಪುತ್ತದೆ. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು, ಸಾವಿರ ರೂಪಾಯಿಗೆ ಮೇಲ್ಪಟ್ಟವು ಮತ್ತು ಅಪರೂಪದ ಪುಸ್ತಕಗಳ ಲೆಕ್ಕ ಬೇರೆ. ರಾಜ್ಯದ ಪಂಚಾಯಿತಿ ಇದಕ್ಕೆ ನೇರವಾಗಿ ಬದ್ಧವಲ್ಲ. ಆದರೆ ಇದೇ ಅಳತೆಯನ್ನು ಪಂಚಾಯಿತಿ ಸಭೆಯ ನಡವಳಿಯಲ್ಲಿ ಮೊದಲೇ ಬರೆಸಿಕೊಂಡರೆ ಆಕ್ಷೇಪಣೆ ಬಂದಾಗ ತೋರಿಸಲು ಒಂದು ಕಾಗದ ಇರುತ್ತದೆ.

ಹಣ ಎಲ್ಲಿಂದ

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಐದು ಸಾವಿರ ತೆರಿಗೆ ಕಟ್ಟುವ ಮನೆಯಿಂದ ಮುನ್ನೂರು ರೂಪಾಯಿ. ಸ್ಥಳೀಯ ಸಂಸ್ಥೆಗಳು ವಸೂಲಿ ಮಾಡಿದ್ದನ್ನು ಬಾಕಿ ಉಳಿಸಿಕೊಳ್ಳುತ್ತವೆ ಎಂಬುದು ಹಳೆಯ ದೂರು, ಇಲ್ಲಿ ವಿಸ್ತರಿಸುವುದಿಲ್ಲ. ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ ಮಕ್ಕಳು, ಮಹಿಳೆಯರು, ಹಿರಿಯರು, ವಿಕಲಚೇತನರಿಗೆ ಪ್ರತ್ಯೇಕ ಮೂಲೆ ಮಾಡಲು ನೆರವು ಕೊಡುತ್ತದೆ. ಮೂಲೆಗೆಂದು ಬಂದ ಹಣ ವಸ್ತುವಾಗಿಯೇ ಖರ್ಚಾಗುತ್ತದೆ, ಅದು ಇದರ ದೌರ್ಬಲ್ಯ: ಪುಸ್ತಕ ಓದುವ ಯಂತ್ರ ಬರುತ್ತದೆ, ಕಲಿಸುವವರಿಲ್ಲ, ಎರಡನೇ ವರ್ಷ ನಿರ್ವಹಣೆ ಒಪ್ಪಂದ ನವೀಕರಿಸಲು ಹಣವಿಲ್ಲ, ಯಂತ್ರಕ್ಕೆ ಹೊದಿಕೆ ಬೀಳುತ್ತದೆ. ಕೊಳ್ಳುವ ಮುನ್ನವೇ ಮೂರು ವರ್ಷದ ನಿರ್ವಹಣೆ, ಇಬ್ಬರು ಸಿಬ್ಬಂದಿಗೆ ತರಬೇತಿ, ಕನ್ನಡದ ಒಂದು ಪುಟವನ್ನು ಓದಿ ತೋರಿಸುವ ಷರತ್ತು, ಈ ಮೂರನ್ನು ಟೆಂಡರಿನಲ್ಲಿ ಬರೆಯಬೇಕು. ಇಂಗ್ಲಿಷ್ ಪುಟ ಓದಿಸಿ ಒಪ್ಪಿಸಿ ಹೋಗುವ ಮಾರಾಟಗಾರರು ಬೇಕಾದಷ್ಟಿದ್ದಾರೆ.

ಹೆಚ್ಚು ಜನ ಮರೆತಿರುವ ಮೂಲ ಶೇ 5ರ ನಿಧಿ. ಗ್ರಾಮ ಪಂಚಾಯಿತಿಗಳೂ ನಗರ ಸ್ಥಳೀಯ ಸಂಸ್ಥೆಗಳೂ ತಮ್ಮ ಸ್ವಂತ ಸಂಪನ್ಮೂಲದಲ್ಲಿ ಅಷ್ಟನ್ನು ವಿಕಲಚೇತನರಿಗಾಗಿ ಮೀಸಲಿಡಬೇಕು. ವರ್ಷದ ಕೊನೆಗೆ ಖರ್ಚು ತೋರಿಸಲು ಹೊದಿಕೆ, ಪಾತ್ರೆ ಹಂಚುವುದುಂಟು. ಅರಿವು ಕೇಂದ್ರದ ಕೈಹಿಡಿ, ದೀಪ, ಸ್ಟ್ಯಾಂಡ್ ಮಸೂರಗಳನ್ನು ಕ್ರಿಯಾ ಯೋಜನೆ ಒಪ್ಪಿಗೆಯಾಗುವ ಮುನ್ನ ಗ್ರಾಮಸಭೆಯಲ್ಲಿ ಕೇಳಿ ನಡವಳಿಗೆ ಸೇರಿಸಿದರೆ ಇದೇ ನಿಧಿಯಿಂದ ಕೇಳಬಹುದು. ಮಾರ್ಚ್‌ನಲ್ಲಿ ಅರ್ಜಿ ಕೊಟ್ಟವರಿಗೆ ‘ಮುಂದಿನ ವರ್ಷ ನೋಡೋಣ’ ಎಂಬ ಉತ್ತರ ಖಾತ್ರಿ. ಗುರುತಿನ ಚೀಟಿ ಇಲ್ಲದ ಹಿರಿಯರ ಹೆಸರಿನಲ್ಲಿ ಈ ಹಣ ಕೇಳಿದರೆ ಆಕ್ಷೇಪಣೆ ಬರುತ್ತದೆ, ಆದ್ದರಿಂದ ಚೀಟಿ ಇರುವ ಓದುಗರ ಪಟ್ಟಿಯನ್ನು ಅರ್ಜಿಗೆ ಲಗತ್ತಿಸಬೇಕು. ದೀಪವೂ ಕುರ್ಚಿಯೂ ಬಂದ ಮೇಲೆ ಅದರಲ್ಲಿ ಯಾರು ಕೂತು ಓದುತ್ತಾರೆಂದು ಯಾವ ಲೆಕ್ಕಪರಿಶೋಧಕರೂ ಕೇಳುವುದಿಲ್ಲ.